ಮೊಲಗಳು ಕರಗಿದ ವರ್ಷಗಳು: ಕ್ಲುವಾನಿ ಕಾಡಿನ ಲಿಂಕ್ಸ್, ಕಯೋಟಿ ಮತ್ತು ಕೊಂಬುಗೂಬೆ

ಕೆನಡಾದ ವಾಯವ್ಯ ಮೂಲೆಯಲ್ಲಿರುವ ಯುಕಾನ್ ಪ್ರದೇಶದ ಕ್ಲುವಾನಿ ಸರೋವರದ ಪೂರ್ವಕ್ಕೆ ಹಬ್ಬಿರುವ, ಸೂಜಿಯೆಲೆಯ ಸ್ಪ್ರೂಸ್ ಮರಗಳ ಕಾಡಿನಲ್ಲಿ, 1990ರ ಚಳಿಗಾಲದ ಹೊತ್ತಿಗೆ ಸ್ನೋಶೂ ಮೊಲಗಳ ಸಂಖ್ಯೆ ಶಿಖರ ಮುಟ್ಟಿ ಇಳಿಯತೊಡಗಿತ್ತು. ಮುಂದಿನ ಎರಡು-ಮೂರು ವರ್ಷಗಳಲ್ಲಿ ಆ ಕಾಡಿನ ಮೊಲಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತಲೂ ಹೆಚ್ಚು ಪಾಲು ಇಲ್ಲವಾಯಿತು. ಈ ಮೊಲಗಳನ್ನೇ ನೆಚ್ಚಿಕೊಂಡು ಬದುಕುತ್ತಿದ್ದ ಲಿಂಕ್ಸ್ ಎಂಬ ಕಾಡುಬೆಕ್ಕು, ತೋಳದ ಬಳಗದ ಕಯೋಟಿ ಮತ್ತು ಕೊಂಬುಗೂಬೆಗಳ ಮೇಲೆ ಆ ವರ್ಷಗಳಲ್ಲಿ ಸಂಶೋಧಕರು ಸತತವಾಗಿ ಕಣ್ಣಿಟ್ಟಿದ್ದರು. ಬಲಿಪ್ರಾಣಿ ಕಡಿಮೆಯಾದರೆ ಪರಭಕ್ಷಕವೂ ಕಡಿಮೆಯಾಗುತ್ತದೆ ಎಂಬುದು ಯಾರಾದರೂ ಊಹಿಸಬಹುದಾದ ಮಾತು. ಆದರೆ ಹಸಿವಿನಿಂದ ಸಾಯುವುದಕ್ಕೆ ಅಥವಾ ಆ ಕಾಡನ್ನು ಬಿಟ್ಟು ಹೋಗುವುದಕ್ಕೆ ಮುಂಚೆ ಒಂದು ಪ್ರಾಣಿ ಏನು ಮಾಡುತ್ತದೆ, ಯಾವ ಜಾಗದಲ್ಲಿ, ಯಾವ ಬಗೆಯಲ್ಲಿ, ಯಾರ ಜೊತೆಗೂಡಿ ಬೇಟೆಯಾಡುತ್ತದೆ ಎಂಬುದನ್ನು ಊಹಿಸಿ ಹೇಳಲಾಗದು. ಈ ಪ್ರಕರಣವನ್ನು ಆರಿಸಿಕೊಳ್ಳಲು ಅದೇ ಕಾರಣ. ಮೊಲದ ಅಭಾವ ಎಂಬ ಒಂದೇ ಸಂಕಟ ಒಂದೇ ಕಾಡಿನ ಮೂರು ಬೇಟೆಗಾರ ಜೀವಿಗಳನ್ನು ಮೂರು ಬೇರೆ ಬೇರೆ ದಾರಿಗೆ ಹಚ್ಚಿತು. ಆ ದಾರಿಗಳನ್ನು ಪ್ರಾಣಿಗಳ ಎಣಿಕೆಯಷ್ಟರಿಂದಲೇ ಕಂಡುಕೊಳ್ಳಲು ಸಾಧ್ಯವಿರಲಿಲ್ಲ.

ತುಪ್ಪಳದ ಲೆಕ್ಕಪುಸ್ತಕಗಳು

ಲಿಂಕ್ಸ್ ಮತ್ತು ಮೊಲಗಳ ಏರಿಳಿತದ ಕಥೆ ಹಳೆಯದು. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿಯು ಉತ್ತರ ಅಮೆರಿಕದ ಕಾಡುಗಳಿಂದ ಕೊಂಡ ತುಪ್ಪಳದ ಚರ್ಮಗಳ ಲೆಕ್ಕವನ್ನು ತಲೆಮಾರುಗಳ ಕಾಲ ಬರೆದಿಟ್ಟಿತ್ತು. ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ ಆ ಕಡತಗಳನ್ನು ಜಾಲಾಡಿ, ಮೇರಿ ನಿಕಲ್ಸನ್ ಅವರೊಂದಿಗೆ 1942ರಲ್ಲಿ ಲಿಂಕ್ಸ್‌ಗಳ ಸುಮಾರು ಹತ್ತು ವರ್ಷಗಳ ಆವರ್ತವನ್ನು ವಿವರವಾಗಿ ಪ್ರಕಟಿಸಿದರು. ಅಂದಿನಿಂದ ಮೊಲದ ಗೆರೆ ಮೇಲೇರುವುದು, ಅದರ ಹಿಂದೆಯೇ ಲಿಂಕ್ಸ್‌ನ ಗೆರೆ ಏರುವುದು, ಎರಡೂ ಒಂದರ ಹಿಂದೊಂದು ಕುಸಿಯುವುದು ಜೀವಶಾಸ್ತ್ರದ ಪಠ್ಯಪುಸ್ತಕಗಳ ಖಾಯಂ ಚಿತ್ರವಾಗಿದೆ.

ಆ ಚಿತ್ರ ಸುಳ್ಳಲ್ಲ, ಆದರೆ ಅದು ಬಹಳಷ್ಟನ್ನು ಬಿಟ್ಟುಬಿಡುತ್ತದೆ. ಚರ್ಮದ ಲೆಕ್ಕದಲ್ಲಿ ಸಿಗುವುದು ಬೋನಿಗೆ ಬಿದ್ದ ಪ್ರಾಣಿ ಮಾತ್ರ. ಹಸಿದ ಲಿಂಕ್ಸ್ ಹೊಟ್ಟೆ ತುಂಬಿದ ಲಿಂಕ್ಸ್‌ಗಿಂತ ಹೆಚ್ಚು ದೂರ ಅಲೆದು, ಬೋನಿನ ಆಮಿಷಕ್ಕೆ ಬೇಗ ಸಿಕ್ಕಿಬೀಳಬಹುದು. ಹಾಗಾದರೆ ಲೆಕ್ಕದಲ್ಲಿ ಕಾಣುವ ಏರಿಕೆಯಲ್ಲಿ ಪ್ರಾಣಿಗಳ ಸಂಖ್ಯೆಯ ಪಾಲೆಷ್ಟು, ಅವುಗಳ ನಡವಳಿಕೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಇದಕ್ಕೆ ಇದ್ದ ಉಪಾಯ ಒಂದೇ: ಕಾಡಿನೊಳಗೆ ಹೋಗಿ, ಒಂದು ಆವರ್ತ ಮುಗಿಯುವವರೆಗೂ ಅಲ್ಲೇ ಉಳಿದು ನೋಡುವುದು.

ಕಾಡು ಮತ್ತು ಅದರ ಮೊಲ

ಕ್ಲುವಾನಿಯಲ್ಲಿ ಮೊಲಗಳ ಅಧ್ಯಯನವನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ರೆಬ್ಸ್ 1970ರ ದಶಕದಲ್ಲೇ ಆರಂಭಿಸಿದ್ದರು. 1986ರಿಂದ 1996ರವರೆಗೆ ಅದು ಇಡೀ ಕಾಡನ್ನೇ ಒಳಗೊಂಡ ದೊಡ್ಡ ಯೋಜನೆಯಾಗಿ ಬೆಳೆಯಿತು. ಸ್ಟ್ಯಾನ್ ಬೂಟಿನ್, ರೂಡಿ ಬೂನ್‌ಸ್ಟ್ರಾ, ಆಂಟನಿ ಸಿಂಕ್ಲೇರ್ ಮೊದಲಾದವರು ಅದರಲ್ಲಿ ಸೇರಿದ್ದರು. ಕ್ಷೇತ್ರ ಸುಮಾರು 350 ಚದರ ಕಿಲೋಮೀಟರಿನಷ್ಟು, ಎರಡು ಬೆಟ್ಟಸಾಲುಗಳ ನಡುವಿನ ಅಗಲವಾದ ಕಣಿವೆ. ಬಿಳಿ ಸ್ಪ್ರೂಸ್ ಮರಗಳು, ಅವುಗಳ ಕೆಳಗೆ ವಿಲ್ಲೋ ಮತ್ತು ಕುಳ್ಳ ಬರ್ಚ್ ಪೊದೆಗಳು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದು ಅಲ್ಲಿ ವಿಶೇಷವೇನಲ್ಲ. ಕಣಿವೆಯ ನಡುವೆ 1942ರಲ್ಲಿ ನಿರ್ಮಿಸಿದ ಅಲಾಸ್ಕಾ ಹೆದ್ದಾರಿ ಹಾದುಹೋಗಿದ್ದು, ಇಂಥ ದುರ್ಗಮ ಪ್ರದೇಶದಲ್ಲಿ ವರ್ಷವಿಡೀ ಕೆಲಸ ಮಾಡಲು ಅನುಕೂಲವಾಯಿತು.

ಸ್ನೋಶೂ ಮೊಲ ಸುಮಾರು ಒಂದೂವರೆ ಕಿಲೋ ತೂಗುವ ಪ್ರಾಣಿ. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಹಿಂಗಾಲಿನ ಪಾದ ಅಗಲವಾಗಿರುವುದರಿಂದ ಮೆತ್ತನೆಯ ಹಿಮದಲ್ಲಿ ಹೂತುಹೋಗುವುದಿಲ್ಲ. ಚಳಿಗಾಲವಿಡೀ ಅದು ಪೊದೆಗಳ ತೆಳು ಕಡ್ಡಿಗಳನ್ನೇ ಕಡಿದು ತಿನ್ನುತ್ತದೆ. ಸಂಖ್ಯೆ ಏರುವ ವರ್ಷಗಳಲ್ಲಿ ಹೆಣ್ಣುಮೊಲ ಒಂದೇ ಬೇಸಿಗೆಯಲ್ಲಿ ಮೂರು-ನಾಲ್ಕು ಬಾರಿ ಮರಿ ಹಾಕುತ್ತದೆ. ಇಳಿಯುವ ವರ್ಷಗಳಲ್ಲಿ ಅದು ಎರಡಕ್ಕೆ ಇಳಿಯುವುದುಂಟು. ಶಿಖರದ ಹೊತ್ತಿನಲ್ಲಿ ಹೆಕ್ಟೇರಿಗೆ ಒಂದೆರಡು ಮೊಲಗಳಿದ್ದ ಈ ಕಾಡಿನಲ್ಲಿ, ತಳಮಟ್ಟ ಮುಟ್ಟಿದಾಗ ಹತ್ತು ಹೆಕ್ಟೇರು ಸುತ್ತಿದರೆ ಒಂದು ಸಿಕ್ಕರೆ ಸಿಕ್ಕಿತು ಎಂಬ ಪರಿಸ್ಥಿತಿ ಬಂದಿತ್ತು. ಒಂದು ಶಿಖರದಿಂದ ಇನ್ನೊಂದಕ್ಕೆ ಎಂಟರಿಂದ ಹನ್ನೊಂದು ವರ್ಷಗಳು ಬೇಕಾಗುತ್ತವೆ.

ಹಿಮದ ಮೇಲಿನ ಸಾಕ್ಷ್ಯ

ಇಂಥ ಕಾಡಿನಲ್ಲಿ ಲಿಂಕ್ಸ್ ಬೇಟೆಯಾಡುವುದನ್ನು ಕಣ್ಣಾರೆ ಕಾಣುವುದು ಅಪರೂಪ. ಆದ್ದರಿಂದ ಮಾರ್ಕ್ ಒ'ಡೊನೊಹ್ಯೂ ಮತ್ತು ಜೊತೆಗಾರರು ಚಳಿಗಾಲಗಳಲ್ಲಿ ಹಿಮದ ಮೇಲಿನ ಜಾಡು ಹಿಡಿದು ನಡೆದರು. ಈ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಈ ಪ್ರಕರಣದ ಮುಖ್ಯ ಸಂಗತಿಗಳೆಲ್ಲ ಹೊರಟದ್ದು ಅಲ್ಲಿಂದಲೇ.

ಲಿಂಕ್ಸ್ ಹೆಜ್ಜೆಗಳು ದುಂಡಗೆ, ಅಗಲವಾಗಿ, ಆಳವಿಲ್ಲದೆ ಒಂದೇ ಅಂತರದಲ್ಲಿ ಸಾಗುತ್ತಿರುತ್ತವೆ. ಒಂದೆಡೆ ಆ ಅಂತರ ಕಿರಿದಾಗುತ್ತದೆ. ಹೆಜ್ಜೆಗಳು ಒಂದಕ್ಕೊಂದು ಅಂಟಿಕೊಂಡಂತೆ ಬೀಳುತ್ತವೆ. ಹೊಟ್ಟೆ ಹಿಮಕ್ಕೆ ಸವರಿದ ಗುರುತು ಸಿಗುತ್ತದೆ. ಅಲ್ಲಿ ಅದು ಮೊಲವನ್ನು ಕಂಡು ತೆವಳಿದೆ. ಮುಂದೆ ಹಿಂಗಾಲುಗಳು ಹಿಮವನ್ನು ಒದ್ದ ಎರಡು ಗುಳಿಗಳು, ಬಳಿಕ ಉದ್ದುದ್ದ ನೆಗೆತಗಳು, ಪಕ್ಕದಲ್ಲಿ ದಿಕ್ಕು ಬದಲಿಸುತ್ತ ಓಡಿದ ಮೊಲದ ಜಾಡು. ನಾಲ್ಕಾರು ನೆಗೆತಗಳೊಳಗೆ ಬೇಟೆಯ ಹಣೆಬರಹ ನಿಶ್ಚಯವಾಗಿರುತ್ತದೆ: ಒಂದೋ ರಕ್ತದ ಕಲೆ, ಬಿಳಿ ರೋಮದ ಮುದ್ದೆ, ಬಿಟ್ಟುಹೋದ ಜಠರ, ಇಲ್ಲವೇ ಮೊಲದ ಜಾಡು ಪೊದೆಯೊಳಗೆ ಮುಂದುವರಿದು, ಲಿಂಕ್ಸ್‌ನ ಹೆಜ್ಜೆಗಳು ಮತ್ತೆ ನಿಧಾನದ ನಡಿಗೆಗೆ ಮರಳಿರುತ್ತವೆ. ಹೀಗೆ ಎಷ್ಟು ದೂರ ನಡೆಯಿತು, ಎಷ್ಟು ಬಾರಿ ಬೆನ್ನಟ್ಟಿತು, ಎಷ್ಟು ಸಲ ಗೆದ್ದಿತು ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಇದರ ಜೊತೆಗೆ ರೇಡಿಯೋ ಕಾಲರ್ ತೊಡಿಸಿದ ಪ್ರಾಣಿಗಳ ಓಡಾಟ ಮತ್ತು ಮಲದ ಪರೀಕ್ಷೆಯ ವಿವರಗಳನ್ನು ಸೇರಿಸಿ ನೋಡಲಾಯಿತು.

ಮೊಲಗಳಿಗೂ ರೇಡಿಯೋ ಕಾಲರ್ ಹಾಕಲಾಗಿತ್ತು. ಮೊಲ ಚಲನೆ ನಿಲ್ಲಿಸಿದರೆ ಸಂಕೇತದ ಬಡಿತ ಬದಲಾಗುತ್ತದೆ. ಸಂಶೋಧಕರು ಆ ಜಾಗಕ್ಕೆ ಹೋಗಿ ಕೊಂದವರು ಯಾರೆಂದು ಗುರುತಿಸುತ್ತಿದ್ದರು. ಹೆಜ್ಜೆಗಳಿಲ್ಲದ ಹಿಮದ ಮೇಲೆ ಕಿತ್ತುಹಾಕಿದ ರೋಮ ಮತ್ತು ಬಿಳಿ ಹಿಕ್ಕೆ ಇದ್ದರೆ ಅದು ಗೂಬೆ ಅಥವಾ ಗಿಡುಗದ ಕೆಲಸ. ಈ ಲೆಕ್ಕದಿಂದ ತಿಳಿದದ್ದೆಂದರೆ, ಸತ್ತ ವಯಸ್ಕ ಮೊಲಗಳಲ್ಲಿ ಬಹುತೇಕ ಎಲ್ಲವೂ ಮತ್ತೊಂದು ಪ್ರಾಣಿಯ ಬಾಯಿಗೆ ಬಿದ್ದೇ ಸತ್ತಿದ್ದವು. ಮೇವಿಲ್ಲದೆ ನೇರವಾಗಿ ಸತ್ತವು ತೀರ ಕಡಿಮೆ.

ಲಿಂಕ್ಸ್: ಅಲೆಯುವುದರಿಂದ ಕಾಯುವುದಕ್ಕೆ

ಲಿಂಕ್ಸ್‌ನ ಮೈಕಟ್ಟೇ ಮೊಲದ ಬೇಟೆಗೆಂದು ರೂಪುಗೊಂಡಿದೆ. ಸುಮಾರು ಹತ್ತು ಕಿಲೋ ತೂಗುವ ಈ ಬೆಕ್ಕಿಗೆ ಉದ್ದನೆಯ ಕಾಲುಗಳು, ರೋಮ ತುಂಬಿದ ದೊಡ್ಡ ಪಂಜಗಳು. ಮೊಲ ಎಲ್ಲಿ ಹೂತುಹೋಗದೆ ಓಡುತ್ತದೆಯೋ ಅಲ್ಲಿ ಲಿಂಕ್ಸ್ ಕೂಡ ಹೂತುಹೋಗದೆ ಬೆನ್ನಟ್ಟಬಲ್ಲದು. ಮೊಲ ಹೇರಳವಾಗಿದ್ದಾಗ ಒಂದು ಲಿಂಕ್ಸ್ ದಿನಕ್ಕೆ ಒಂದಕ್ಕಿಂತ ಹೆಚ್ಚು, ಅಂದರೆ ಸರಾಸರಿ 1.2ರವರೆಗೆ ಮೊಲಗಳನ್ನು ಕೊಂದದ್ದು ಕ್ಲುವಾನಿಯಲ್ಲಿ ದಾಖಲಾಯಿತು. ಇದು ಅದರ ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು. ಮೊಲ ತಳ ಮುಟ್ಟಿದಾಗ ಅದೇ ಪ್ರಮಾಣ ದಿನಕ್ಕೆ 0.3ಕ್ಕೆ, ಎಂದರೆ ಮೂರು ದಿನಕ್ಕೊಂದು ಮೊಲದ ಮಟ್ಟಕ್ಕೆ ಇಳಿಯಿತು.

ಗಮನಿಸಬೇಕಾದ ಸಂಗತಿ ಮುಂದಿದೆ. ಲಿಂಕ್ಸ್‌ಗಳ ಕೊಲ್ಲುವ ಪ್ರಮಾಣ ಅತಿ ಹೆಚ್ಚಾಗಿದ್ದುದು ಮೊಲಗಳ ಶಿಖರದ ವರ್ಷದಲ್ಲಲ್ಲ, ಅದರ ಮರುವರ್ಷ. ಮೊಲಗಳು ಇಳಿಯತೊಡಗಿದ ಮೇಲೂ ಲಿಂಕ್ಸ್‌ಗಳು ಅಷ್ಟೇ ಬಿರುಸಾಗಿ, ಇನ್ನೂ ಹೆಚ್ಚು ಚತುರತೆಯಿಂದ ಅವುಗಳನ್ನು ಹಿಡಿಯುತ್ತಿದ್ದವು. ಅದೇ ಹೊತ್ತಿಗೆ ಲಿಂಕ್ಸ್‌ಗಳ ಸಂಖ್ಯೆಯೂ ತನ್ನ ಶಿಖರ ಮುಟ್ಟಿತ್ತು: ನೂರು ಚದರ ಕಿಲೋಮೀಟರಿಗೆ ಎರಡು-ಮೂರರಷ್ಟಿದ್ದದ್ದು ಸುಮಾರು ಹದಿನೇಳಕ್ಕೆ ಏರಿತ್ತು. ಮೊಲಗಳ ಪಾಲಿಗೆ ಇದು ಎರಡು ಕಡೆಯಿಂದ ಬಿದ್ದ ಹೊಡೆತ. ಬೇಟೆಗಾರರು ಹೆಚ್ಚಿದ್ದರು, ಪ್ರತಿಯೊಂದು ಬೇಟೆಗಾರ ಪ್ರಾಣಿಯೂ ಹೆಚ್ಚು ಕೊಲ್ಲುತ್ತಿತ್ತು.

ಅಭಾವ ತೀವ್ರವಾದಂತೆ ಬೇಟೆಯ ಬಗೆಯೇ ಬದಲಾಯಿತು. ಸಮೃದ್ಧಿಯ ವರ್ಷಗಳಲ್ಲಿ ಲಿಂಕ್ಸ್ ನಡೆಯುತ್ತ ಹೋಗಿ, ಎದುರಾದ ಮೊಲವನ್ನು ತೆವಳಿ ಹಿಡಿಯುತ್ತಿತ್ತು. ಮೊಲ ಕಡಿಮೆಯಾದಾಗ ಅದು ಒಂದೆಡೆ ಕುಳಿತು ಕಾಯುವುದನ್ನು ಹೆಚ್ಚಾಗಿ ಅನುಸರಿಸಿತು. ಮೊಲದ ಹಾದಿಯ ಪಕ್ಕದಲ್ಲಿ, ಮುಖವನ್ನು ಹಾದಿಯತ್ತ ಇಟ್ಟು ಕುಳಿತ ತಗ್ಗುಗಳು ಜಾಡು ಹಿಡಿದವರಿಗೆ ಮತ್ತೆ ಮತ್ತೆ ಸಿಕ್ಕವು. ನಿದ್ದೆಗೆಂದು ಮರದ ಬುಡದಲ್ಲಿ ಮಾಡಿಕೊಂಡ ಗೂಡುಗಳಲ್ಲಿ ಮೈಶಾಖಕ್ಕೆ ಕರಗಿದ ಹಿಮ ಮತ್ತೆ ಗಟ್ಟಿಯಾಗಿರುತ್ತದೆ. ಹೊಂಚಿನ ತಗ್ಗುಗಳು ಹಾಗಲ್ಲ. ಅವು ಹಗುರ, ಹಾದಿಗೆ ಹತ್ತಿರ, ಕೆಲವೊಮ್ಮೆ ಅಲ್ಲಿಂದಲೇ ನೇರವಾಗಿ ನೆಗೆದ ಗುರುತುಗಳೂ ಇರುತ್ತವೆ. ನೂರಾರು ಮೀಟರ್ ನಡೆದರೂ ಮೊಲ ಎದುರಾಗದ ಕಾಡಿನಲ್ಲಿ ನಡೆದು ಶಕ್ತಿ ಕಳೆದುಕೊಳ್ಳುವುದಕ್ಕಿಂತ, ಮೊಲ ಬಂದೇ ಬರುವ ಒಂದು ದಾರಿಯನ್ನು ಕಾಯುವುದು ಲಾಭದ್ದಾಗಿರಬೇಕು ಎಂದು ನನಗನಿಸುತ್ತದೆ. ಉಷ್ಣಾಂಶ ಅಷ್ಟು ಕೆಳಗಿರುವಾಗ ಚಲನೆಯಿಲ್ಲದೆ ಕೂರುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಒಂಟಿಯಾಗಿ ಬದುಕುವ ಪ್ರಾಣಿಯೆಂದು ಹೆಸರಾದ ಲಿಂಕ್ಸ್, ಈ ಕಷ್ಟದ ವರ್ಷಗಳಲ್ಲಿ ಜೊತೆಗೂಡಿ ಬೇಟೆಗೆ ಹೊರಟ ಜಾಡುಗಳೂ ದೊರೆತವು. ತಾಯಿ ಮತ್ತು ಆ ವರ್ಷದ ಮರಿಗಳು ಚಳಿಗಾಲದಲ್ಲಿ ಒಟ್ಟಿಗೆ ತಿರುಗುವುದು ಸಾಮಾನ್ಯ. ಆದರೆ ಇವು ವಯಸ್ಕ ಪ್ರಾಣಿಗಳು. ಒಂದು ಲಿಂಕ್ಸ್ ಪೊದೆಯನ್ನು ಹೊಕ್ಕು ಮೊಲವನ್ನು ಎಬ್ಬಿಸಿದರೆ ಇನ್ನೊಂದಕ್ಕೆ ಅದು ಸಿಗಬಹುದು. ಹಂಚಿ ತಿನ್ನುವಾಗ ಒಂದು ಮೊಲ ಎರಡು ಹೊಟ್ಟೆಗೆ ಸಾಲದು ಎಂಬುದೂ ನಿಜ. ಆದರೂ ಅವು ಈ ದಾರಿ ಹಿಡಿದವು. ಹಸಿವು ಒಂದು ಪ್ರಾಣಿಯ ಸಾಮಾಜಿಕ ಸ್ವಭಾವದವರೆಗೂ ಕೈಚಾಚಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಈ ಪ್ರಕರಣದಲ್ಲಿ ಮತ್ತೊಂದಿಲ್ಲ.

ಆಹಾರವೂ ಬದಲಾಯಿತು. ಮೊಲಗಳಿಲ್ಲದ ಚಳಿಗಾಲಗಳಲ್ಲಿ ಲಿಂಕ್ಸ್‌ಗಳು ಕೆಂಪು ಅಳಿಲುಗಳತ್ತ ತಿರುಗಿದವು. ಸ್ಪ್ರೂಸ್ ಕಾಯಿಗಳನ್ನು ಒಂದೆಡೆ ರಾಶಿ ಹಾಕಿ ಕಾಪಾಡುವ ಈ ಅಳಿಲಿನ ತೂಕ ಕಾಲು ಕಿಲೋ ಮಾತ್ರ. ಒಂದು ಮೊಲದ ಸಮಕ್ಕೆ ಐದಾರು ಅಳಿಲುಗಳನ್ನು ಹಿಡಿಯಬೇಕು. ಅದು ಮರ ಹತ್ತಿಬಿಟ್ಟರೆ ಬೇಟೆ ಅಲ್ಲಿಗೆ ಮುಗಿಯಿತು. ಅಳಿಲಿನ ರಾಶಿಯ ಬಳಿಯೂ ಹೊಂಚಿನ ತಗ್ಗುಗಳು ಕಾಣಿಸಿಕೊಂಡದ್ದು ಇದೇ ಅವಧಿಯಲ್ಲಿ. ಇಲ್ಲಿ ಒಂದು ಅನಿರೀಕ್ಷಿತ ಸಂಬಂಧವೂ ಇದೆ. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಮೊಲದ ಮರಿಗಳನ್ನು ಅತಿ ಹೆಚ್ಚಾಗಿ ಕೊಲ್ಲುವುದು ಲಿಂಕ್ಸ್ ಅಲ್ಲ, ಗೂಬೆಯೂ ಅಲ್ಲ. ಕೆಂಪು ಅಳಿಲು ಮತ್ತು ನೆಲ ಅಳಿಲುಗಳೇ ಅವುಗಳ ಮುಖ್ಯ ಶತ್ರುಗಳೆಂದು ಕ್ಲುವಾನಿಯಲ್ಲೇ ಪತ್ತೆಯಾಯಿತು. ಕಾಯಿ-ಬೀಜ ತಿನ್ನುವ ಪ್ರಾಣಿಯೆಂದು ನಾವು ನಿಶ್ಚಿಂತೆಯಿಂದ ಬದಿಗಿಟ್ಟ ಅಳಿಲು, ಮೊಲಗಳ ಸಂಖ್ಯೆಯನ್ನು ತಡೆಯುವವರ ಸಾಲಿನಲ್ಲಿ ನಿಂತಿತು.

ಸಂತಾನದ ಮೇಲೆ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಮೊಲಗಳು ಹೆಚ್ಚಿದ್ದಾಗ ಒಂದು ವರ್ಷದ ಹೆಣ್ಣು ಲಿಂಕ್ಸ್ ಕೂಡ ಮರಿ ಹಾಕುತ್ತದೆ. ವಯಸ್ಕ ಹೆಣ್ಣು ನಾಲ್ಕೈದು ಮರಿಗಳನ್ನು ಹೆರುತ್ತದೆ. ಮೊಲಗಳು ಕುಸಿದ ಮೇಲೆ ಮರಿಗಳು ಬದುಕಿ ಚಳಿಗಾಲ ದಾಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ವಯಸ್ಕ ಪ್ರಾಣಿಗಳು ತಮ್ಮ ನೆಲೆಯನ್ನು ಬಿಟ್ಟು ಹೊರಟವು. ಕೆಲವು 500 ಕಿಲೋಮೀಟರಿಗೂ ಮೀರಿ ಹೋದವು. ಉಳಿದವುಗಳಲ್ಲಿ ಕೆಲವು ಹಸಿವಿನಿಂದ ಸತ್ತರೆ, ಇನ್ನು ಕೆಲವನ್ನು ತೋಳ, ನೀರುನಾಯಿಯ ಬಳಗದ ಬಲಿಷ್ಠ ಪ್ರಾಣಿ ವುಲ್ವರಿನ್ ಅಥವಾ ಮತ್ತೊಂದು ಲಿಂಕ್ಸ್ ಕೊಂದಿತು.

ನಾಗರಹೊಳೆಯ ಹುಲಿಯನ್ನು ಬಲ್ಲ ನಮ್ಮ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಎದ್ದು ಕಾಣಬಹುದು. ಉಲ್ಲಾಸ ಕಾರಂತರು ಮತ್ತು ಜೊತೆಗಾರರು ಭಾರತದ ಹಲವು ಕಾಡುಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಹುಲಿಯ ಸಾಂದ್ರತೆ ಅದರ ಬಲಿಪ್ರಾಣಿಗಳ ಸಾಂದ್ರತೆಯನ್ನೇ ಅವಲಂಬಿಸಿದೆ ಎಂದು ತೋರಿಸಿತು. ನಿಯಮ ಒಂದೇ. ಆದರೆ ನಾಗರಹೊಳೆಯಲ್ಲಿ ಜಿಂಕೆ ಸಿಗದಿದ್ದರೆ ಕಡವೆ, ಕಡವೆ ಸಿಗದಿದ್ದರೆ ಕಾಟಿ ಅಥವಾ ಕಾಡುಹಂದಿ ಇದೆ. ಮೇಲಾಗಿ ಇವೆಲ್ಲವೂ ಒಟ್ಟಿಗೇ ಹತ್ತು ವರ್ಷಕ್ಕೊಮ್ಮೆ ಕುಸಿಯುವುದಿಲ್ಲ. ಉತ್ತರದ ಕಾಡಿನಲ್ಲಿ ಮೊಲ ಹೋದರೆ ಅದರ ಜಾಗ ತುಂಬುವ ಇನ್ನೊಂದು ಪ್ರಾಣಿಯಿಲ್ಲ. ಲಿಂಕ್ಸ್‌ನ ನಡವಳಿಕೆ ಅಷ್ಟು ತೀವ್ರವಾಗಿ ಮಾರ್ಪಡುವುದಕ್ಕೆ ಈ ಬಡತನವೇ ಕಾರಣ.

ಕಯೋಟಿ ಮತ್ತು ಕೊಂಬುಗೂಬೆ

ಕಯೋಟಿ ಈ ಕಾಡಿನ ಹಳಬನಲ್ಲ. ಯುಕಾನ್‌ಗೆ ಅದು ಬಂದು ನೆಲೆಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ದೇಹದ ತೂಕ ಲಿಂಕ್ಸ್‌ನಷ್ಟೇ ಅಥವಾ ತುಸು ಹೆಚ್ಚು, ಆದರೆ ಪಾದಗಳು ಚಿಕ್ಕವು. ಮೆತ್ತನೆಯ ಹಿಮದಲ್ಲಿ ಅದು ಹೂತುಹೋಗುತ್ತದೆ. ಆದ್ದರಿಂದ ಕಯೋಟಿಗಳು ಗಟ್ಟಿ ಹಿಮವಿರುವ, ಈಗಾಗಲೇ ತುಳಿದ ದಾರಿಗಳನ್ನು ಆರಿಸಿಕೊಂಡು ನಡೆಯುತ್ತಿದ್ದವೆಂದು ಡೆನಿಸ್ ಮರ‍್ರೆ ಮತ್ತು ಸ್ಟ್ಯಾನ್ ಬೂಟಿನ್ ಕ್ಲುವಾನಿಯಲ್ಲೇ ನಡೆಸಿದ ಅಧ್ಯಯನ ತೋರಿಸಿತು.

ಈ ಮೈಕಟ್ಟಿನ ಮಿತಿಯನ್ನು ಕಯೋಟಿ ತನ್ನ ಮುಂದಾಲೋಚನೆಯಿಂದ ತುಂಬಿಕೊಂಡಿತು. ಮೊಲ ಹೆಚ್ಚಿದ್ದಾಗ ಒಂದು ಕಯೋಟಿ ದಿನಕ್ಕೆ 2.3ರವರೆಗೆ ಮೊಲಗಳನ್ನು ಕೊಂದಿತು. ಇದು ಲಿಂಕ್ಸ್‌ನ ಅತ್ಯಧಿಕ ಪ್ರಮಾಣದ ಸುಮಾರು ಎರಡರಷ್ಟು. ಅಷ್ಟನ್ನೂ ಅದು ತಿನ್ನುತ್ತಿರಲಿಲ್ಲ. ಚಳಿಗಾಲದ ಆರಂಭದಲ್ಲಿ, ಹಿಮ ಇನ್ನೂ ಆಳವಾಗಿರದಿದ್ದಾಗ, ಹೆಚ್ಚು ಹೆಚ್ಚು ಮೊಲಗಳನ್ನು ಕೊಂದು ಬಚ್ಚಿಟ್ಟು, ತಿಂಗಳುಗಳ ಬಳಿಕ ಮರಳಿ ಬಂದು ತೆಗೆದುಕೊಳ್ಳುತ್ತಿತ್ತು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿಡುವ ಮನೆಯಂತೆ, ಕಷ್ಟದ ತಿಂಗಳುಗಳು ಬರುವ ಮುಂಚೆಯೇ ಅದು ಸಂಗ್ರಹ ಮುಗಿಸುತ್ತಿತ್ತು. 

ಕಯೋಟಿಗಳ ಕೊಲ್ಲುವ ಪ್ರಮಾಣ ತುತ್ತತುದಿ ಮುಟ್ಟಿದ್ದು ಮೊಲಗಳ ಶಿಖರಕ್ಕೆ ಒಂದು ವರ್ಷ ಮುಂಚೆ, ಲಿಂಕ್ಸ್‌ಗಳದು ಒಂದು ವರ್ಷ ತಡವಾಗಿ. ಒಂದೇ ಮೊಲವನ್ನು ನಂಬಿದ ಎರಡು ಪ್ರಾಣಿಗಳು ಅದೇ ಏರಿಳಿತಕ್ಕೆ ಸ್ಪಂದಿಸಿದ ಹೊತ್ತು ಎರಡು ವರ್ಷ ಅಂತರದಲ್ಲಿದೆ. ಮೊಲಗಳ ಅಭಾವದಲ್ಲಿ ಕಯೋಟಿ ಅಳಿಲನ್ನು ಹುಡುಕುತ್ತ ಹೋಗಲಿಲ್ಲ; ಹಿಮದಡಿಯ ಹುಲ್ಲಿಲಿಗಳತ್ತ ಅದರ ಗಮನ ಹರಿಯಿತು. ಕಯೋಟಿಗಳ ಸಂಖ್ಯೆಯೂ ಈ ಆವರ್ತದಲ್ಲಿ ಸುಮಾರು ಆರು ಪಟ್ಟು ಏರಿ ಇಳಿಯಿತು.

ಕೊಂಬುಗೂಬೆಯ ವಿಷಯದಲ್ಲಿ ಬೇಟೆಯ ಬಗೆಗಿಂತ ನೆಲೆಯ ಹಕ್ಕೇ ಮುಖ್ಯವಾಯಿತು. ಕ್ರಿಸ್ಟೋಫ್ ರೋನರ್ ಅಧ್ಯಯನ ಮಾಡಿದಂತೆ, ನೆಲೆಯುಳ್ಳ ಜೋಡಿಗಳು ಮಾತ್ರ ರಾತ್ರಿ ಕೂಗಿ ತಮ್ಮ ಗಡಿಯನ್ನು ಸಾರುತ್ತವೆ. ಅವುಗಳ ನಡುವೆ ನೆಲೆಯಿಲ್ಲದ ಗೂಬೆಗಳು ಸದ್ದಿಲ್ಲದೆ ಬದುಕುತ್ತಿದ್ದವು. ರೇಡಿಯೋ ಸಂಕೇತವಿಲ್ಲದಿದ್ದರೆ ಅವು ಇರುವುದೇ ತಿಳಿಯುತ್ತಿರಲಿಲ್ಲ. ಮೊಲಗಳು ಕುಸಿದಾಗ ಮೊದಲು ಸತ್ತದ್ದು, ಹೊರಟುಹೋದದ್ದು ಇವೇ. ನೆಲೆಯುಳ್ಳ ಜೋಡಿಗಳು ಜಾಗ ಬಿಡಲಿಲ್ಲ, ಮರಿ ಮಾಡುವುದನ್ನು ಕೈಬಿಟ್ಟವು. ಕೂಗನ್ನಷ್ಟೇ ಎಣಿಸುವವರಿಗೆ ಗೂಬೆಗಳ ಸಂಖ್ಯೆ ಸ್ಥಿರವಾಗಿದೆ ಎಂದೇ ಅನಿಸುತ್ತಿತ್ತು.

ಭಯದ ಪಾಲು

ಇಲ್ಲಿಯವರೆಗೆ ಬಲಿಪ್ರಾಣಿ ಪರಭಕ್ಷಕವನ್ನು ಹೇಗೆ ತಿದ್ದಿತು ಎಂಬುದನ್ನು ನೋಡಿದೆವು. ಹೀಗೆ ತಿದ್ದಲ್ಪಟ್ಟ ಪರಭಕ್ಷಕ ಮರಳಿ ಬಲಿಪ್ರಾಣಿಯನ್ನು ಏನು ಮಾಡಿತು ಎಂಬ ಪ್ರಶ್ನೆಯೂ ಈ ಪ್ರಕರಣದ ಭಾಗವೇ. ಮೊಲಗಳು ತಳ ಮುಟ್ಟಿದ ಮೇಲೆ ಮೇವಿನ ಪೊದೆಗಳು ಚಿಗುರಿಕೊಳ್ಳುತ್ತವೆ, ಲಿಂಕ್ಸ್‌ಗಳೂ ಕಡಿಮೆಯಾಗುತ್ತವೆ. ಆದರೂ ಮೊಲಗಳು ಕೂಡಲೇ ಹೆಚ್ಚುವುದಿಲ್ಲ. ಎರಡು-ಮೂರು ವರ್ಷ ಕೆಳಮಟ್ಟದಲ್ಲೇ ಉಳಿಯುತ್ತವೆ. ಇದು ಬಹಳ ಕಾಲ ಬಿಡಿಸಲಾಗದ ಒಗಟಾಗಿತ್ತು.

ರೂಡಿ ಬೂನ್‌ಸ್ಟ್ರಾ ಮತ್ತು ಜೊತೆಗಾರರು ಮೊಲಗಳ ರಕ್ತದ ಪರೀಕ್ಷೆಯಿಂದ, ಇಳಿಕೆಯ ವರ್ಷಗಳ ಮೊಲಗಳು ದೀರ್ಘಕಾಲದ ಒತ್ತಡದಲ್ಲಿದ್ದವೆಂದು ತೋರಿಸಿದರು. ಮುಂದೆ ಮೈಕಲ್ ಶೆರಿಫ್, ಕ್ರೆಬ್ಸ್ ಮತ್ತು ಬೂನ್‌ಸ್ಟ್ರಾ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟವಾಗಿತ್ತು. ಆವರಣದಲ್ಲಿಟ್ಟಿದ್ದ ಗರ್ಭಿಣಿ ಮೊಲಗಳ ಬಳಿಗೆ, ಗರ್ಭದ ಕೊನೆಯ ಭಾಗದಲ್ಲಿ ದಿನ ಬಿಟ್ಟು ದಿನ, ಒಂದೆರಡು ನಿಮಿಷ ಮಾತ್ರ, ತರಬೇತಾದ ನಾಯಿಯೊಂದನ್ನು ಒಯ್ಯಲಾಯಿತು. ನಾಯಿ ಮೊಲಗಳನ್ನು ಮುಟ್ಟಲಿಲ್ಲ. ಆದರೂ ಆ ಮೊಲಗಳಲ್ಲಿ ಜೀವಂತ ಮರಿ ಹೆತ್ತವು ಕಡಿಮೆಯಾದವು. ಹುಟ್ಟಿದ ಮರಿಗಳು ಚಿಕ್ಕವಾಗಿ, ಹಗುರವಾಗಿ ಹುಟ್ಟಿದವು. ತಾಯಿಯ ಒತ್ತಡ ಮರಿಗಳಿಗೂ ದಾಟಿಬರುತ್ತದೆಂಬುದಕ್ಕೆ ಕಾಡಿನಲ್ಲೂ ಆಧಾರಗಳು ಸಿಕ್ಕವು. ಇದರ ಜೊತೆಗೆ, ಅಪಾಯ ಹೆಚ್ಚಿರುವ ವರ್ಷಗಳಲ್ಲಿ ಮೊಲಗಳು ದಟ್ಟ ಮರೆಯೊಳಗೆ ಸರಿದು, ಅಲ್ಲಿರುವ ಕಳಪೆ ಮೇವನ್ನೇ ತಿಂದುಕೊಂಡಿರುತ್ತವೆ ಎಂಬುದನ್ನು ಡೇವಿಡ್ ಹಿಕ್ ಗುರುತಿಸಿದ್ದರು. ಲಿಂಕ್ಸ್‌ನ ಬಾಯಿಗೆ ಬೀಳದೆ ಉಳಿದ ಮೊಲವೂ ಹಾಗೆ ಲಿಂಕ್ಸ್‌ನ ಲೆಕ್ಕಕ್ಕೇ ಸೇರಿತು.

ಬೇಲಿಯೊಳಗಿನ ಒಂದು ಚದರ ಕಿಲೋಮೀಟರು

ಇವೆಲ್ಲ ನೋಡಿ ತಿಳಿದ ಸಂಗತಿಗಳು. ಮಾಡಿ ನೋಡಿದ್ದು ಇನ್ನೊಂದಿದೆ. ಒಂದೊಂದು ಚದರ ಕಿಲೋಮೀಟರಿನ ಕಾಡಿನ ತುಂಡುಗಳನ್ನು ಆರಿಸಿ, ಕೆಲವಕ್ಕೆ ಮೊಲದ ಆಹಾರ ಒದಗಿಸಲಾಯಿತು. ಒಂದಕ್ಕೆ ವಿದ್ಯುತ್ ಬೇಲಿ ಕಟ್ಟಿ ಲಿಂಕ್ಸ್, ಕಯೋಟಿಗಳನ್ನು ಹೊರಗಿಡಲಾಯಿತು. ಇನ್ನೊಂದು ತುಂಡಿನಲ್ಲಿ ಎರಡನ್ನೂ ಮಾಡಲಾಯಿತು. ಎರಡು ತುಂಡುಗಳಿಗೆ ಗೊಬ್ಬರ ಹಾಕಲಾಯಿತು. ಮೊಲಗಳು ಬೇಲಿಯ ಕಣ್ಣುಗಳಲ್ಲಿ ನುಸುಳಿ ಓಡಾಡಬಹುದಿತ್ತು, ಹಕ್ಕಿಗಳಿಗೆ ತಡೆಯಿರಲಿಲ್ಲ. ಎಂಟು ವರ್ಷ ಇದನ್ನು ನಡೆಸಿಕೊಂಡು ಹೋಗಲಾಯಿತು. ಅಂಥ ಚಳಿಯಲ್ಲಿ, ತಂತಿಯ ಮೇಲೆ ಹಿಮ ಕೂರುವ ಕಾಡಿನಲ್ಲಿ ಕಿಲೋಮೀಟರುಗಟ್ಟಲೆ ಬೇಲಿಯಲ್ಲಿ ವಿದ್ಯುತ್ ಹರಿಯುವಂತೆ ನೋಡಿಕೊಂಡವರ ದುಡಿಮೆಗೆ ನಾನು ತಲೆಬಾಗುತ್ತೇನೆ.

1995ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಶಿಖರ ಮತ್ತು ಇಳಿಕೆಯ ಅವಧಿಯಲ್ಲಿ, ಬೇಲಿ ಕಟ್ಟಿದಲ್ಲಿ ಮೊಲಗಳ ಸಾಂದ್ರತೆ ಎರಡು ಪಟ್ಟು, ಆಹಾರ ಕೊಟ್ಟಲ್ಲಿ ಮೂರು ಪಟ್ಟು, ಎರಡೂ ಇದ್ದಲ್ಲಿ ಹನ್ನೊಂದು ಪಟ್ಟು ಹೆಚ್ಚಿತ್ತು. ಗೊಬ್ಬರದಿಂದ ಗಿಡಗಳು ಬೆಳೆದವು, ಮೊಲಗಳು ಹೆಚ್ಚಲಿಲ್ಲ. ಎರಡು ಮತ್ತು ಮೂರನ್ನು ಕೂಡಿದರೂ ಗುಣಿಸಿದರೂ ಹನ್ನೊಂದಾಗುವುದಿಲ್ಲ. ಮೇವು ಮತ್ತು ಪರಭಕ್ಷಕ ಎಂಬ ಎರಡು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡು ಕೆಲಸ ಮಾಡುತ್ತವೆ ಎಂದೇ ಇದನ್ನು ಓದಬೇಕಾಗುತ್ತದೆ. ಹಸಿದ ಮೊಲ ಮರೆಯಿಂದ ಹೊರಬರುತ್ತದೆ, ಹೊರಬಂದದ್ದು ಸಿಕ್ಕಿಬೀಳುತ್ತದೆ. ಹೆದರಿದ ಮೊಲ ಮರೆಯಲ್ಲೇ ಉಳಿಯುತ್ತದೆ, ಉಳಿದದ್ದು ಸೊರಗುತ್ತದೆ. ಎರಡೂ ಸಂಕಟಗಳನ್ನು ಒಟ್ಟಿಗೆ ನೀಗಿದಾಗ ಮಾತ್ರ ಅದು ಈ ಇಕ್ಕಟ್ಟಿನಿಂದ ಹೊರಬರುತ್ತದೆ ಎಂಬುದು ನನ್ನ ತಿಳುವಳಿಕೆ.

ಆ ಬಳಿಕದ ಕ್ಲುವಾನಿ

ಆ ಕಾಡಿನ ಮೊಲಗಳು 1998ರ ಹೊತ್ತಿಗೆ ಮತ್ತೆ ಶಿಖರ ಮುಟ್ಟಿದವು. 2006ರ ಶಿಖರ ಹಿಂದಿನವುಗಳಿಗಿಂತ ತಗ್ಗಾಗಿತ್ತು. ಈಚಿನ ವರ್ಷಗಳಲ್ಲಿ ಲಿಂಕ್ಸ್‌ಗಳ ಕೊರಳಪಟ್ಟಿಗೆ ಚಲನೆಯನ್ನು ದಾಖಲಿಸುವ ಸಾಧನ ಮತ್ತು ಧ್ವನಿಮುದ್ರಕ ಅಳವಡಿಸಿ, ಬೆನ್ನಟ್ಟಿದ ಸದ್ದು, ಮೂಳೆ ಕಡಿದ ಸದ್ದುಗಳಿಂದ ಪ್ರತಿಯೊಂದು ಬೇಟೆಯನ್ನೂ ಗುರುತಿಸುವ ಕೆಲಸ ಎಮಿಲಿ ಸ್ಟಡ್ ಮತ್ತು ಜೊತೆಗಾರರಿಂದ ನಡೆದು, 2021ರಲ್ಲಿ ಪ್ರಕಟವಾಯಿತು. ಜಾಡು ಹಿಡಿದು ನಡೆಯುವವರಿಗೆ ಹಿಮಪಾತವಾದರೆ ಸಾಕ್ಷ್ಯ ಅಳಿಸಿಹೋಗುತ್ತಿತ್ತು. ಈಗ ಆ ತೊಂದರೆಯಿಲ್ಲ. ಇದೇ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳಿಂದ ಮೈಕಲ್ ಪೀರ್ಸ್ ಮತ್ತು ಜೊತೆಗಾರರು, ಚಳಿಗಾಲದಲ್ಲಿ ಮೊಲಗಳು ಸತ್ತ ಪ್ರಾಣಿಗಳ ಮಾಂಸ ತಿನ್ನುವುದನ್ನೂ ದಾಖಲಿಸಿದ್ದಾರೆ. ಅವು ತಿಂದ ಕಳೇಬರಗಳಲ್ಲಿ ಲಿಂಕ್ಸ್‌ನದೂ ಇತ್ತು.

ಇದೇ ತಂಡ 2020ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ಹೆಚ್ಚಿನ ಕಳವಳ ಹುಟ್ಟಿಸುವಂಥದು. ಹಿಮ ತೆಳುವಾಗಿರುವಾಗ ಮೊಲಗಳು ಸಾಯುವ ಸಂಭವ ಹೆಚ್ಚುತ್ತದೆ, ಅದಕ್ಕೆ ಮುಖ್ಯ ಕಾರಣ ಕಯೋಟಿಯ ಬೇಟೆ ಸುಲಭವಾಗುವುದು ಎಂದು ಅದು ಕಂಡುಕೊಂಡಿತು. ಲಿಂಕ್ಸ್‌ಗೆ ತೆಳು ಹಿಮ ಅಂಥ ಲಾಭವನ್ನು ಕೊಡಲಿಲ್ಲ. ಚಳಿಗಾಲಗಳು ಬೆಚ್ಚಗಾಗಿ ಹಿಮ ತಗ್ಗಿದರೆ, ಮೊಲಗಳು ಎಷ್ಟಿವೆ ಎಂಬುದರ ಜೊತೆಗೆ ಅವು ಯಾರ ಕೈಗೆಟುಕುತ್ತವೆ ಎಂಬುದೂ ಬದಲಾಗುತ್ತದೆ. ಲಿಂಕ್ಸ್‌ನ ಅಗಲ ಪಂಜಕ್ಕಿದ್ದ ಮೇಲುಗೈ ಕುಗ್ಗುತ್ತದೆ.

ಯುಕಾನ್‌ನಲ್ಲಿ ಲಿಂಕ್ಸ್‌ನ ತುಪ್ಪಳಕ್ಕಾಗಿ ಬೋನು ಹಾಕುವುದು ಈಗಲೂ ಕಾನೂನುಬದ್ಧ ಜೀವನೋಪಾಯ. ಮೊಲಗಳು ಹೆಚ್ಚಿರುವ ವರ್ಷಗಳಲ್ಲಿ ಲಿಂಕ್ಸ್ ಸಂತತಿ ಆ ನಷ್ಟವನ್ನು ಬೇಗನೆ ತುಂಬಿಕೊಳ್ಳಬಲ್ಲದು. ಇಳಿಕೆಯ ವರ್ಷಗಳಲ್ಲಿ ಮರಿಗಳೇ ಉಳಿಯದಿರುವಾಗ, ಬೋನಿಗೆ ಬೀಳುವುದು ಮುಂದಿನ ಆವರ್ತಕ್ಕೆ ತಾಯಿಯಾಗಬೇಕಿದ್ದ ವಯಸ್ಕ ಹೆಣ್ಣು. ಆದ್ದರಿಂದ ಬೋನುಗಳ ಸಂಖ್ಯೆಯನ್ನು ನಿಗದಿ ಮಾಡುವಾಗ ಹಿಂದಿನ ವರ್ಷದ ಚರ್ಮದ ಲೆಕ್ಕಕ್ಕಿಂತ ಆ ವರ್ಷದ ಮೊಲಗಳ ಲೆಕ್ಕವನ್ನು ಮುಂದಿಟ್ಟುಕೊಳ್ಳುವುದು, ಬೋನಿಲ್ಲದ ವಿಶಾಲ ಪ್ರದೇಶಗಳನ್ನು ಅಲ್ಲಲ್ಲಿ ಉಳಿಸಿಕೊಳ್ಳುವುದು ಸರಿಯಾದ ಕ್ರಮ. ಮೊಲಗಳ ಇಳಿಕೆ ಆರಂಭವಾದ ಮೇಲೂ ಒಂದು ವರ್ಷ ಲಿಂಕ್ಸ್‌ಗಳು ಹೇರಳವಾಗಿಯೇ ಕಾಣುತ್ತವೆ ಎಂಬುದು ಕ್ಲುವಾನಿಯಲ್ಲಿ ದಾಖಲಾಗಿರುವಾಗ, ಬೋನು ತಗ್ಗಿಸುವ ತೀರ್ಮಾನವನ್ನು ಆ ಒಂದು ವರ್ಷದೊಳಗೇ ಕೈಗೊಳ್ಳಬೇಕಾಗುತ್ತದೆ.